ಅಳುವ ಮಕ್ಕಳಿಗೆ ಕಿತ್ತಳೆ ಎಣ್ಣೆ: ನನ್ನ ಅನುಭವ

ನನ್ನ ಹಲ್ಲಿನ ಕ್ಲಿನಿಕ್ಕಿನಲ್ಲಿ ಅಳುವ ಮಕ್ಕಳಿಗಾಗಿ ಎಣ್ಣೆಯ ಸುವಾಸನೆ ಹರಡಿದ್ದು ನೋಡಿ "ಇದೇನು ಡಾಕ್ಟ್ರೇ, ಕ್ಲಿನಿಕ್ಕಾ ಬ್ಯೂಟಿ ಪಾರ್ಲರಾ?" ಅಂತ ನಕ್ಕಿದ್ದ ಗೆಳೆಯರೇ ಈಗ ಫೋನ್ ಮಾಡಿ ಯಾವ ಎಣ್ಣೆ ಅಂತ ಕೇಳುತ್ತಿದ್ದಾರೆ. ಒಬ್ಬೊಬ್ಬರಿಗೂ ಹೇಳುವ ಬದಲು ಬರೆದೇಬಿಡುತ್ತೇನೆ.

ಟೆಲ್-ಶೋ-ಡೂ, ಅಂದರೆ ಮಗುವಿಗೆ ಮೊದಲು ಹೇಳಿ, ತೋರಿಸಿ, ಆಮೇಲೆ ಚಿಕಿತ್ಸೆ ಮಾಡುವುದು, ಎಲ್ಲ ನಿಮಗೆ ಗೊತ್ತೇ ಇದೆ. ನನ್ನ ಬಳಿ ಬರುವ ಮಕ್ಕಳು ಅದಕ್ಕೂ ಮೊದಲೇ, ಬಾಗಿಲಲ್ಲೇ ಅಳುತ್ತಿದ್ದರು. ಸೂಜಿ ಕಾಣಬೇಕಿಲ್ಲ, ಹಲ್ಲಿಗೆ ತುಂಬುವ ಸಿಮೆಂಟಿನಲ್ಲಿರುವ ಯೂಜೆನಾಲ್‌ನ ಆ ಲವಂಗದ ವಾಸನೆ ಸಾಕು. ಹಿಂದೆ ಒಮ್ಮೆ ನೋವುಂಡ ಮಗು ಅದನ್ನು ಮರೆಯುವುದಿಲ್ಲ.

ಮೊದಲು ತಂದಿದ್ದು 200 ರೂಪಾಯಿಯ ಲ್ಯಾವೆಂಡರ್. ಬರೀ ಸೆಂಟು ಅದು. ನಮ್ಮ ಅಸಿಸ್ಟೆಂಟ್‌ಗೇ ತಲೆನೋವು ಬಂತು. ಆಮೇಲೆ 10 ಎಂಎಲ್‌ಗೆ 600ರ ಹತ್ತಿರ ಕೊಟ್ಟು ಅಸಲಿ ಎಣ್ಣೆ ತರಿಸಿದೆ. ಅಮ್ಮಂದಿರಿಗೆ ಇಷ್ಟವಾಯಿತು. ಮಕ್ಕಳು ಮಾತ್ರ "ನೆಲ ಒರೆಸೋ ವಾಸನೆ" ಅಂದರು! ನಮ್ಮ ಕಡೆಯ ಮಕ್ಕಳು ಲ್ಯಾವೆಂಡರ್ ಕಂಡಿರುವುದು ಫ್ಲೋರ್ ಕ್ಲೀನರ್ ಡಬ್ಬದ ಮೇಲೇ ಅಲ್ವಾ.

ಕಿತ್ತಳೆ ಸಿಪ್ಪೆಯ ಎಣ್ಣೆ ಗೆದ್ದಿತು. ಬೆಲೆಯೂ ಅರ್ಧ. 100 ಎಂಎಲ್ ನೀರಿಗೆ ಮೂರೇ ಹನಿ, ಡಿಫ್ಯೂಸರ್ (ವಾಸನೆ ಹರಡುವ ಯಂತ್ರ) ಕಾಯುವ ಕೋಣೆಯಲ್ಲಿ, ಮಗು ಬರುವ ಕಾಲು ಗಂಟೆ ಮೊದಲು. ಸಿಮೆಂಟ್ ಕಲಸುವುದನ್ನು ಹಿಂದಿನ ರೂಮಿಗೆ ಸಾಗಿಸಿ. ಲವಂಗ, ಕಿತ್ತಳೆ ಎರಡೂ ಸೇರಿದರೆ ಇನ್ನೂ ಕೆಟ್ಟದು.

ಮಧ್ಯೆ ಮಲ್ಲಿಗೆಯನ್ನೂ ನೋಡಿದೆ. ಅಮ್ಮನ ಮುಡಿಯ ವಾಸನೆಗೆ ಮಗು ಸುಮ್ಮನಾಗುತ್ತದಲ್ಲ, ಆ ಆಸೆಗೆ. ಎಣ್ಣೆಯ ಬೆಲೆ ಕೇಳಿ ಕೈಬಿಟ್ಟೆ. ಚೇರ್ ಪಕ್ಕ ಒಂದು ಮಾರು ಹೂ ತೂಗುಹಾಕಿದೆ. ಮಧ್ಯಾಹ್ನದೊಳಗೆ ಬಾಡಿ ನಾತ. ಕರ್ಪೂರ, ನೀಲಗಿರಿ ಮುಟ್ಟಲೇ ಇಲ್ಲ. ಫಿಟ್ಸ್ ಬರುವ ಮಕ್ಕಳಿಗೆ ಅಪಾಯ. ದಮ್ಮು, ವೀಜಿಂಗ್ ಇದೆಯಾ ಅಂತ ಮೊದಲೇ ಕೇಳುತ್ತೇನೆ, ಇದ್ದರೆ ಡಿಫ್ಯೂಸರ್ ಬಂದ್.

ಚೇರ್ ಮೇಲೆ ಕೂತಾಗ ಮುಂಚೆ 125ರ ಆಸುಪಾಸು ಇರುತ್ತಿದ್ದ ನಾಡಿ, ಈಗ ಹೆಚ್ಚಿನ ಮಕ್ಕಳಲ್ಲಿ 110ರ ಒಳಗೆ. ಫ್ರಾಂಕಲ್ ಮಾಪನದಲ್ಲಿ (ಮಗುವಿನ ಸಹಕಾರಕ್ಕೆ 1ರಿಂದ 4ರವರೆಗೆ ಅಂಕ, 4 ಅಂದರೆ ಪೂರ್ತಿ ಸಹಕಾರ) 2ರವರು ಸಲೀಸಾಗಿ 3ಕ್ಕೆ ಬಂದರು. 1ರವರು 1ರಲ್ಲೇ ಇದ್ದಾರೆ, ಅವರಿಗೆ ಇದು ಸಾಲದು. ಸೂಜಿಯ ನೋವಿಗೂ ಇದು ಮದ್ದಲ್ಲ, ಮರಗಟ್ಟಿಸುವ ಲಿಗ್ನೊಕೇನ್ ಬೇಕೇ ಬೇಕು.

ಡಿಫ್ಯೂಸರ್‌ಗೆ 1,200 ಆಯಿತು, ಎಣ್ಣೆಗೆ ತಿಂಗಳಿಗೆ 150 ದಾಟದು. ಮಕ್ಕಳನ್ನು ಶಾಂತಗೊಳಿಸುವ ಅನಿಲ ಕೊಡುವ ನೈಟ್ರಸ್ ಮಷೀನಿಗೆ ಲಕ್ಷಗಳ ಕೊಟೇಶನ್ ಬಂದಿತ್ತು, ಫೈಲಿನಲ್ಲೇ ಇದೆ. ಬಾಟಲಿ ಫ್ರಿಜ್ಜಿನಲ್ಲಿಡಿ, ಗಾಳಿ ಬಿಸಿಲಿಗೆ ಕಿತ್ತಳೆ ಎಣ್ಣೆ ಬೇಗ ಕೆಡುತ್ತದೆ. ಡಿಫ್ಯೂಸರನ್ನು ವಾರಕ್ಕೊಮ್ಮೆಯಾದರೂ ತೊಳೆಯಿರಿ, ಇಲ್ಲದಿದ್ದರೆ ಮುಗ್ಗಲು ವಾಸನೆ ಬರುತ್ತದೆ.