ಅರ್ಧ ಮಿಲಿಮೀಟರ್ ಎಲ್ಲಿ ಹೋಯ್ತು?

ಸಣ್ಣ ತೂತಿನಿಂದ ರಭಸವಾಗಿ ನುಗ್ಗುವ ಅನಿಲದ ಧಾರೆಯ, ಅಂದರೆ ಜೆಟ್‌ನ, ಚಿತ್ರ ಮೊದಲ ಸಲ ಸ್ಕ್ರೀನ್ ಮೇಲೆ ಮೂಡಿದಾಗ ಅಳತೆ ಮಾಡೋದನ್ನೇ ಮರೆತು ಸುಮ್ನೆ ನೋಡುತ್ತಾ ಕೂತಿದ್ದೆ. ಬರಿಗಣ್ಣಿಗೆ ಅಲ್ಲಿ ಏನೂ ಇಲ್ಲ, ಕಿವಿ ಕೊರೆಯುವ ಶಬ್ದ ಮಾತ್ರ. ಸ್ಕ್ರೀನ್ ಮೇಲೆ ನೋಡಿದರೆ ಸಾಲಾಗಿ ಪೋಣಿಸಿದ ವಜ್ರಗಳು.

ನನ್ನ ಹತ್ತಿರ ಇದ್ದದ್ದು 2 ಮಿ.ಮೀ. ತೂತಿನ ನಾಜಲ್ (ಅನಿಲ ಹೊರಬರುವ ಮೂತಿ), ಒಂದು ನೈಟ್ರೋಜನ್ ಸಿಲಿಂಡರ್, ಎರಡು ನಿಮ್ನ ಕನ್ನಡಿ, ಒಂದು ಎಲ್‌ಇಡಿ, ಕ್ಯಾಮೆರಾ, ಮತ್ತೆ ಶೇವಿಂಗ್ ಬ್ಲೇಡು. ಬ್ಲೇಡನ್ನು ಬೆಳಕು ಸೇರುವ ಬಿಂದುವಿಗೆ ಅಡ್ಡ ಇಟ್ಟರೆ ಸಾಂದ್ರತೆ ಬದಲಾಗುವ ಜಾಗಗಳೆಲ್ಲ ಕಪ್ಪು ಬಿಳುಪಾಗಿ ಕಾಣುತ್ತವೆ. ಇದು 1864ರಲ್ಲಿ ಆಗಸ್ಟ್ ಟೋಪ್ಲರ್ ಹೇಳಿಕೊಟ್ಟ ಶ್ಲೀರೆನ್ ವಿಧಾನ. ಕನ್ನಡಿ ಹೊಂದಿಸೋಕೆ ಎರಡು ದಿನ ಹಿಡಿಯಿತು. ಸರಿಯಾಗಿದೆಯೋ ಇಲ್ಲವೋ ನೋಡೋಕೆ ಸುಲಭದ ದಾರಿ ಇದೆ: ಕನ್ನಡಿಗಳ ನಡುವೆ ಅಂಗೈ ಹಿಡಿಯಬೇಕು. ಅಂಗೈ ಬಿಸಿಗೆ ಏಳುವ ಗಾಳಿ ಹೊಗೆಯ ಹಾಗೆ ಕಂಡರೆ ಸಾಕು, ಗ್ಯಾಸ್ ಬಿಡಬಹುದು.

ಆಗುವುದೇನೆಂದರೆ, ನಾಜಲ್ ಬಾಯಲ್ಲಿ ಅನಿಲ ಶಬ್ದದ ವೇಗ ಮುಟ್ಟಿ ಅಲ್ಲೇ ನಿಲ್ಲುತ್ತದೆ. ಒಳಗೆ 9 ಬಾರ್ ಒತ್ತಡ ಇದ್ದರೆ ಬಾಯಲ್ಲಿ ಇನ್ನೂ ಸುಮಾರು 4.75 ಬಾರ್ ಉಳಿದಿರುತ್ತದೆ. ಹೊರಗಿರುವುದು 1 ಬಾರ್. ಹಾಗಾಗಿ ಹಿಗ್ಗುವ ಕೆಲಸ ಹೊರಗೆ ಬಂದ ಮೇಲೂ ಮುಂದುವರಿಯುತ್ತದೆ. ಅದು ಹದಕ್ಕೆ ನಿಲ್ಲುವುದಿಲ್ಲ, ಬೇಕಾದ್ದಕ್ಕಿಂತ ಜಾಸ್ತಿ ಹಿಗ್ಗುತ್ತದೆ. ಜೆಟ್‌ನ ಒಳಗಿನ ಒತ್ತಡ ಹೊರಗಿನದಕ್ಕಿಂತ ಕೆಳಗಿಳಿಯುತ್ತದೆ. ಸುತ್ತಲಿನ ಗಾಳಿ ಮತ್ತೆ ಒಳಕ್ಕೆ ಒತ್ತುತ್ತದೆ. ಪೀಪಾಯಿ ಆಕಾರದ ಶಾಕ್ (ಒತ್ತಡ ಥಟ್ಟನೆ ಏರುವ ತೆಳು ಪದರ) ಕಟ್ಟಿಕೊಳ್ಳುತ್ತದೆ, ಅದರ ತುದಿಗೆ ಮುಚ್ಚಳದ ಹಾಗೆ ಒಂದು ನೇರ ಶಾಕ್ ನಿಲ್ಲುತ್ತದೆ. ಅದೇ ಮಾಕ್ ಡಿಸ್ಕ್. ಈ ಹಿಗ್ಗುವುದು ಕುಗ್ಗುವುದು ಮುಂದೆಯೂ ಮರುಕಳಿಸಿ ವಜ್ರಗಳ ಸಾಲಾಗುತ್ತದೆ.

ಈ ಡಿಸ್ಕ್ ನಾಜಲ್ ಬಾಯಿಂದ ಎಷ್ಟು ದೂರ ಇರಬೇಕು ಅನ್ನೋದಕ್ಕೆ ಹಳೆಯ, ನಂಬಬಹುದಾದ ಲೆಕ್ಕವಿದೆ: ನಾಜಲ್ ವ್ಯಾಸವನ್ನು 0.67ರಿಂದ ಗುಣಿಸಿ, ಒಳಗಿನ ಹೊರಗಿನ ಒತ್ತಡಗಳ ಅನುಪಾತದ ವರ್ಗಮೂಲದಿಂದ ಮತ್ತೆ ಗುಣಿಸಬೇಕು. ರೆಗ್ಯುಲೇಟರ್ ಗೇಜ್ 8 ಬಾರ್ ತೋರಿಸುತ್ತಿತ್ತು. ಗೇಜ್ ತೋರಿಸುವುದು ಹೊರಗಿನದಕ್ಕಿಂತ ಎಷ್ಟು ಜಾಸ್ತಿ ಅಂತ, ಹಾಗಾಗಿ ಹೊರಗಿನ 1 ಸೇರಿಸಿ 9. ಅಂದರೆ ಡಿಸ್ಕ್ 4.02 ಮಿ.ಮೀ. ದೂರದಲ್ಲಿ ಇರಬೇಕು. ಫೋಟೋದಲ್ಲಿ ಅಳೆದರೆ 3.55.

ಅರ್ಧ ಮಿಲಿಮೀಟರ್ ತಾನೇ ಅಂತ ಬಿಡಬಹುದಿತ್ತು. ಕ್ಯಾಮೆರಾ ಫೋಕಸ್ ಮೇಲೆ ತಪ್ಪು ಹೊರಿಸಿ ಒಂದು ದಿನ ಹಾಳು ಮಾಡಿದೆ. ಆಮೇಲೆ ಲೆಕ್ಕವನ್ನು ಉಲ್ಟಾ ಮಾಡಿದೆ. 3.55 ಬರಬೇಕಾದರೆ ಒತ್ತಡ 7 ಬಾರ್ ಇರಬೇಕು. ಹಾಗಾದರೆ 2 ಬಾರ್ ದಾರಿಯಲ್ಲೇ ಕಳೆದುಹೋಗಿದೆ! ರೆಗ್ಯುಲೇಟರ್‌ನಿಂದ ನಾಜಲ್‌ವರೆಗೆ ನಾನು ಎಳೆದಿದ್ದು 4 ಮಿ.ಮೀ. ಒಳವ್ಯಾಸದ, ಮೂರು ಮೀಟರ್ ಉದ್ದದ ಪೈಪು. ಅಷ್ಟು ರಭಸದ ಗ್ಯಾಸಿಗೆ ಅದು ಸೂಜಿಯ ಕಣ್ಣು. ನಾಜಲ್ ಬುಡದಲ್ಲೇ ಇನ್ನೊಂದು ಗೇಜ್ ಕೂರಿಸಿದೆ. 6 ಬಾರ್ ತೋರಿಸಿತು, ಅಂದರೆ 1 ಸೇರಿ 7. ಗೇಜ್ ಸುಳ್ಳು ಹೇಳಿರಲಿಲ್ಲ, ತಪ್ಪು ಜಾಗದಲ್ಲಿ ಕೂತಿತ್ತು ಅಷ್ಟೇ. ದಪ್ಪ ಪೈಪು ಹಾಕಿದೆ.

ನಿಜವಾದ ತಲೆನೋವು ಮಿಶ್ರಣದ್ದು, ಅಂದರೆ ಜೆಟ್ ಸುತ್ತಲಿನ ಗಾಳಿಯ ಜೊತೆ ಎಲ್ಲಿ, ಎಷ್ಟು ಬೆರೆಯುತ್ತದೆ ಅನ್ನೋದು. ವಜ್ರಗಳು ಇರುವಲ್ಲೇ ಗಾಳಿ ಚೆನ್ನಾಗಿ ಬೆರೆಯುತ್ತದೆ ಅಂದುಕೊಂಡಿದ್ದೆ. ಹಾಗಲ್ಲ. ಪೀಪಾಯಿಯ ಒಳಗೆ ಇರುವುದು ಶುದ್ಧ ನೈಟ್ರೋಜನ್. ಬೆರಕೆ ಶುರುವಾಗುವುದು ಅಂಚಿನ ತೆಳು ಪದರದಲ್ಲಿ, ಅದೂ ನಿಧಾನವಾಗಿ. ವೇಗ ಶಬ್ದವನ್ನು ಮೀರಿದಾಗ ಆ ಪದರ ದಪ್ಪವಾಗುವುದೇ ಕಡಿಮೆ. ಎಕ್ಸ್‌ಪೋಷರ್ ಜಾಸ್ತಿ ಇಟ್ಟರೆ ಅಂಚು ನುಣ್ಣಗೆ ಕಾಣುತ್ತದೆ. ಒಂದು ಮೈಕ್ರೋಸೆಕೆಂಡಿನ ಮಿಂಚು ಕೊಟ್ಟಾಗ ಅದೇ ಅಂಚು ಹರಿದ ಬಟ್ಟೆಯ ಹಾಗಿತ್ತು.

ಬೆರಕೆ ಅಳೆಯೋಕೆ ತೆಳ್ಳಗಿನ ಕೊಳವೆಯಿಂದ ಅನಿಲ ಎಳೆದು ಆಕ್ಸಿಜನ್ ಸೆನ್ಸರ್‌ಗೆ ಕೊಟ್ಟೆ. ಸುತ್ತಲಿನ ಗಾಳಿಯಲ್ಲಿ 20.9 ಶೇಕಡಾ. ಸೆನ್ಸರ್ ಅದರ ಅರ್ಧ ತೋರಿಸಿದರೆ ಅಲ್ಲಿ ಅರ್ಧ ಜೆಟ್, ಅರ್ಧ ಗಾಳಿ. ಆದರೆ ಕೊಳವೆಯನ್ನು ಶಾಕ್‌ಗಳ ನಡುವೆ ತೂರಿಸಬಾರದು. ಅದರ ಮುಂದೆಯೇ ಹೊಸ ಶಾಕ್ ಹುಟ್ಟಿ ಹರಿವೇ ಬದಲಾಗುತ್ತದೆ. ಹಾಗಾಗಿ ವಜ್ರಗಳೆಲ್ಲ ಮುಗಿದ ಮೇಲೆ, ಕೆಳಗಿನ ಹರಿವಿನಲ್ಲಿ ಮಾತ್ರ ಅಳೆದೆ. ಸೆನ್ಸರ್ ನಿಧಾನಿ, ಒಂದು ಸಿಲಿಂಡರ್ ಅರ್ಧ ಗಂಟೆಯೂ ಬರಲಿಲ್ಲ. ನೈಟ್ರೋಜನ್ ಕೋಣೆ ತುಂಬಿಕೊಳ್ಳುತ್ತದೆ, ಅದು ಉಸಿರುಗಟ್ಟಿಸುವ ಅಪಾಯ. ಬಾಗಿಲು ತೆರೆದಿಟ್ಟು ಗೋಡೆಗೆ ಇನ್ನೊಂದು ಸೆನ್ಸರ್ ಹಾಕಿಕೊಂಡಿದ್ದೆ. ಅದರಿಂದ ಇನ್ನೊಂದು ಲಾಭವೂ ಆಯಿತು: 20.9 ಅನ್ನೋದು ನಡುವೆ 20.6ಕ್ಕೆ ಇಳಿದದ್ದು ಗೊತ್ತಾಯಿತು. ಪ್ರತಿ ಅಳತೆಗೂ ಮೊದಲು ಅದನ್ನು ನೋಡಿಕೊಳ್ಳಲೇಬೇಕು.

ದೂರ ಹೋದಂತೆ ಎಷ್ಟು ಬೆರೆಯಿತು ಅಂತ ಗ್ರಾಫ್ ಹಾಕಿದಾಗ ಬೇರೆ ಬೇರೆ ಒತ್ತಡದ ಗೆರೆಗಳು ಚೆಲ್ಲಾಪಿಲ್ಲಿ ಬಿದ್ದಿದ್ದವು. ದೂರವನ್ನು ಬರೀ ನಾಜಲ್ ವ್ಯಾಸದಿಂದ ಭಾಗಿಸುವ ಬದಲು, ಒತ್ತಡದ ವರ್ಗಮೂಲದಿಂದಲೂ ಭಾಗಿಸಿದೆ. ಹಿಗ್ಗಿದ ಮೇಲೆ ಜೆಟ್ ದೊಡ್ಡ ತೂತಿನಿಂದ ಬಂದ ಹಾಗೆ ವರ್ತಿಸುತ್ತದೆ ಅನ್ನೋದು ಇದರ ಹಿಂದಿನ ಯೋಚನೆ. ಗೆರೆಗಳು ಒಂದರ ಮೇಲೊಂದು ಕೂತವು, 4 ಬಾರ್‌ನದ್ದೊಂದು ಬಿಟ್ಟು. ಅದು ಮಾತ್ರ ಬೇಗ ಬೆರೆಯುತ್ತಿತ್ತು.

ಅದೇ ಒತ್ತಡದಲ್ಲಿ ಜೆಟ್ ಶಿಳ್ಳೆ ಹೊಡೆಯುತ್ತಿತ್ತು ಅನ್ನೋದು ಹೊಳೆದದ್ದು ಆಮೇಲೆ. ಅಂಚಿನ ಅಲೆಗಳು ಶಾಕ್‌ಗೆ ಬಡಿದು ಶಬ್ದ ಹುಟ್ಟುತ್ತದೆ, ಆ ಶಬ್ದ ಹಿಂದಕ್ಕೆ ಬಂದು ನಾಜಲ್ ಬಾಯಲ್ಲಿ ಹೊಸ ಅಲೆ ಎಬ್ಬಿಸುತ್ತದೆ. ಅಲನ್ ಪಾವೆಲ್ ಅನ್ನೋ ವಿಜ್ಞಾನಿ 1953ರಲ್ಲೇ ವಿವರಿಸಿದ ಚಕ್ರ ಇದು. ಶಿಳ್ಳೆ ಹೊಡೆಯುವ ಜೆಟ್ ಅಲ್ಲಾಡುತ್ತದೆ, ಗಾಳಿಯನ್ನು ಜಾಸ್ತಿ ಎಳೆದುಕೊಳ್ಳುತ್ತದೆ. ನನ್ನ ನಾಜಲ್ ಹೋಲ್ಡರ್‌ನ ಚಪ್ಪಟೆ ಲೋಹದ ಮುಖ ಆ ಶಬ್ದಕ್ಕೆ ಕನ್ನಡಿ ಹಿಡಿದಂತಿತ್ತು. ಒಂದು ತುಂಡು ಸ್ಪಂಜು ಅಂಟಿಸಿದೆ. ಶಿಳ್ಳೆ ಹೆಚ್ಚುಕಮ್ಮಿ ನಿಂತಿತು. ಗೆರೆಯೂ ಉಳಿದವುಗಳ ಹತ್ತಿರ ಬಂತು. ಸ್ಪಂಜು ಈಗಲೂ ಅಲ್ಲೇ ಇದೆ. ನೋಡೋಕೆ ಕೆಟ್ಟದಾಗಿದೆ, ಇರಲಿ ಬಿಡಿ.