ಅಮ್ಮನಿಗೆ ಮನೆ ಹುಡುಕಿದ ದಿನಗಳು

ಅಮ್ಮ ಬಚ್ಚಲಲ್ಲಿ ಎರಡನೆಯ ಸಲ ಜಾರಿ ಬಿದ್ದ ಮೇಲೆ ಅವಳೇ ಮಾತು ತೆಗೆದಳು: "ಇನ್ನು ಒಬ್ಬಳೇ ಇರುವ ಧೈರ್ಯ ಇಲ್ಲ ಕಣೇ."

ಹುಡುಕಾಟಕ್ಕೆ ಇಳಿಯುವ ಮುನ್ನ ಒಂದು ವಾರ ಅವಳ ಜೊತೆಗಿದ್ದು ದಿನಚರಿಯನ್ನು ಗಮನಿಸಿದೆ. ವೃದ್ಧರಿಗೆ ದಿನನಿತ್ಯ ಎಷ್ಟು ಆಸರೆ ಬೇಕೆಂದು ಅಳೆಯಲು ಬಳಸುವ, 1963ರಲ್ಲಿ ಪ್ರಕಟವಾದ ಕಾಟ್ಜ್ ಸೂಚ್ಯಂಕ ಆರು ಕೆಲಸಗಳನ್ನು ನೋಡುತ್ತದೆ: ಸ್ನಾನ, ಬಟ್ಟೆ ತೊಡುವುದು, ಶೌಚಕ್ಕೆ ಹೋಗಿ ಬರುವುದು, ಹಾಸಿಗೆಯಿಂದ ಏಳುವುದು, ಮಲಮೂತ್ರದ ಮೇಲಿನ ಹಿಡಿತ, ಊಟ. ಅಮ್ಮನಿಗೆ ಸ್ನಾನಕ್ಕಷ್ಟೇ ಆಸರೆ ಬೇಕಿತ್ತು. ಆದರೆ ಬೆಳಗಿನ ಮಾತ್ರೆಯನ್ನು ಅವಳು ವಾರದಲ್ಲಿ ಎರಡು ದಿನ ಮರೆತಳು, ಒಂದು ದಿನ ಎರಡೆರಡು ಸಲ ನುಂಗಿದಳು. ಸ್ವತಂತ್ರವಾಗಿ ಬದುಕುವ ಹಿರಿಯರಿಗಾಗಿ ಕಟ್ಟಿದ ವಸತಿಗಳಲ್ಲಿ ಸಾಮಾನ್ಯವಾಗಿ ಇದನ್ನೆಲ್ಲ ನೋಡಿಕೊಳ್ಳುವವರು ಇರುವುದಿಲ್ಲ. ನಮಗೆ ಇಂಥ ಕೆಲಸಗಳಿಗೆ ಸಿಬ್ಬಂದಿ ಜೊತೆಗಿರುವ ನೆರವು ಸಹಿತ ವಸತಿಯೇ ಬೇಕೆಂಬುದು ಅಲ್ಲಿಗೆ ಖಚಿತವಾಯಿತು.

ನಾಲ್ಕು ಕಡೆ ನೋಡಿದೆವು. ಮೊದಲನೆಯದು ಕಣ್ಣು ಕೋರೈಸುವಂತಿತ್ತು. ಮಾದರಿಗೆಂದು ಒಂದು ಕೋಣೆಯನ್ನು ತೋರಿಸಲು ಸಿಬ್ಬಂದಿ ಸೀದಾ ಬಾಗಿಲು ತೆರೆದರು. ಒಳಗೆ ಒಬ್ಬ ಹಿರಿಯರು ಅಂಗಿ ಬದಲಾಯಿಸುತ್ತಿದ್ದರು. ಅಮ್ಮ ತಕ್ಷಣ ಮುಖ ತಿರುಗಿಸಿಕೊಂಡಳು. ನಾನು ಗೋಡೆಗೆ ಹಾಕಿದ್ದ ಹಿಡಿಕೆಗಳನ್ನು ಎಣಿಸುತ್ತಿದ್ದೆ.

ಅದೇ ಜಾಗಕ್ಕೆ ಭಾನುವಾರ ಸಂಜೆ ಹೇಳದೆ ಹೋದೆ. ಎಳೆದರೆ ಸಿಬ್ಬಂದಿಗೆ ಕರೆ ಹೋಗುವ ಸ್ನಾನಗೃಹದ ತುರ್ತು ಹಗ್ಗವನ್ನು, ನೆಲ ಒರೆಸುವಾಗ ಅಡ್ಡ ಬರುತ್ತದೆಂದು, ಎದೆಯೆತ್ತರಕ್ಕೆ ಸುತ್ತಿ ಗಂಟು ಹಾಕಿದ್ದರು. ಬಿದ್ದವರು ನೆಲದ ಮೇಲಿರುತ್ತಾರೆ. ಹಗ್ಗ ನೆಲದವರೆಗೆ ಇಳಿಬಿದ್ದಿರಬೇಕು. ಅಮ್ಮ ಬಿದ್ದ ದಿನ ಬಚ್ಚಲಲ್ಲಿ ಒಂದು ಗಂಟೆ ಒದ್ದೆ ನೆಲದ ಮೇಲೆಯೇ ಇದ್ದಳು. ಆ ಗಂಟನ್ನು ನೋಡಿ ನನ್ನ ಹೊಟ್ಟೆಯಲ್ಲಿ ಸಂಕಟವಾಯಿತು. ಆ ಜಾಗವನ್ನು ಅಲ್ಲಿಗೇ ಬಿಟ್ಟೆ. ಉಳಿದ ಕಡೆಗಳಲ್ಲಿ ಅನುಮತಿ ಕೇಳಿ ಹಗ್ಗ ಎಳೆದು ಗಡಿಯಾರ ನೋಡಿದೆ. ರಾತ್ರಿ ಪಾಳಿಯಲ್ಲಿ ಎಷ್ಟು ಜನ ಇರುತ್ತಾರೆ, ಅವರಲ್ಲಿ ಎಷ್ಟು ಮಂದಿ ಕೆಲಸಕ್ಕೆ ಸೇರಿ ವರ್ಷ ದಾಟಿದವರು ಎಂದೂ ಕೇಳಿದೆ.

ಒಪ್ಪಂದದ ಪತ್ರವನ್ನು ಮನೆಗೆ ತಂದು ಓದಿದೆ. ಮೂರು ವಿಷಯಗಳು ಬರವಣಿಗೆಯಲ್ಲಿ ಇರಲೇಬೇಕೆಂದು ಹಟ ಹಿಡಿದೆ: ಆರೈಕೆ ಹೆಚ್ಚಾದರೆ ಶುಲ್ಕ ಹೇಗೆ ಏರುತ್ತದೆ, ಯಾವ ಸ್ಥಿತಿಯಲ್ಲಿ ಅಮ್ಮನನ್ನು ಬೇರೆಡೆಗೆ ಕರೆದೊಯ್ಯಿರಿ ಎನ್ನುತ್ತಾರೆ, ಬಿಟ್ಟು ಹೊರಟರೆ ಠೇವಣಿಯಲ್ಲಿ ಎಷ್ಟು ಮರಳುತ್ತದೆ. ಮರೆವು ಹೆಚ್ಚಾದರೆ ಏನು ಮಾಡುತ್ತೀರಿ ಎಂದಾಗ "ಆಗ ನೋಡೋಣ" ಎಂದವರನ್ನೂ ಕೈಬಿಟ್ಟೆ.

ಉಳಿದ ಎರಡರಲ್ಲಿ ನನಗೆ ಹಿಡಿಸಿದ್ದು ದೊಡ್ಡ ಕಿಟಕಿಗಳಿದ್ದದ್ದು. ಅಮ್ಮ ಎರಡೂ ಕಡೆ ಒಂದೊಂದು ವಾರ ಇದ್ದು ಬಂದಳು. ಹೀಗೆ ಇದ್ದು ನೋಡಲು ಅವಕಾಶವಿದ್ದರೆ ದಯವಿಟ್ಟು ಬಿಡಬೇಡಿ. ಕೊನೆಗೆ ಅವಳು ಒಪ್ಪಿದ್ದು ಇನ್ನೊಂದನ್ನು, ಕಿಟಕಿ ಚಿಕ್ಕದಿದ್ದದ್ದನ್ನು. ಯಾಕಮ್ಮ ಎಂದು ಕೇಳಿದೆ.

"ಅಲ್ಲಿ ಬಾಗಿಲು ತಟ್ಟಿ, ನಾನು ಬಾ ಎನ್ನುವವರೆಗೆ ನಿಲ್ಲುತ್ತಾರೆ" ಎಂದಳು.