ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಮನೆಯಲ್ಲೇ ಬಿಚ್ಚಿ ಕಟ್ಟಿದೆ: ನನ್ನ ಅನುಭವ

ಗಾಡಿ ಹಳೇ ಕೊರಿಯನ್ ಹ್ಯಾಚ್‌ಬ್ಯಾಕ್. ನಾಲ್ಕು ಗೇರಿನ ಆಟೋಮ್ಯಾಟಿಕ್, ಎಸ್‌ಪಿ-3 ಎಂಬ ಆಯಿಲ್ ಹಾಕೋ ಗೇರ್‌ಬಾಕ್ಸ್. ಬಿಸಿಯಾದ ಮೇಲೆ ಒಂದು, ಎರಡು, ಮೂರರಲ್ಲಿ ಎಂಜಿನ್ ಸುಮ್ನೆ ಅರಚುತ್ತಿತ್ತು, ಗಾಡಿ ಏಳುತ್ತಿರಲಿಲ್ಲ. ನಾಲ್ಕನೇ ಗೇರಿಗೆ ಹೋದರೆ ಗಟ್ಟಿ ಹಿಡಿಯುತ್ತಿತ್ತು. ರಿವರ್ಸ್ ಕೂಡ ಸರಿ. ಈ ಬಾಕ್ಸ್ ಗೊತ್ತಿರೋರಿಗೆ ಇಷ್ಟು ಸಾಕು ಅಲ್ವಾ? ಅಂಡರ್‌ಡ್ರೈವ್ ಕ್ಲಚ್, ಅಂದರೆ ಒಂದು, ಎರಡು, ಮೂರನೇ ಗೇರಲ್ಲಿ ಮಾತ್ರ ಹಿಡಿಯೋ ಕ್ಲಚ್. ಆದರೆ ಹುಬ್ಬಳ್ಳಿಯಲ್ಲಿ ತೋರಿಸಿದ ಕಡೆಯೆಲ್ಲ ಒಂದೇ ಮಾತು: "ಇದನ್ನ ಯಾರೂ ಬಿಚ್ಚೂದಿಲ್ರಿ ಸರ, ಇಡೀ ಬಾಕ್ಸ್ ಬದಲ ಮಾಡ್ಸ್ರಿ." ಲೆಕ್ಕ 1.25 ಲಕ್ಷದ ಆಸುಪಾಸು. ಗಾಡಿಯ ಬೆಲೆಯೇ ಅಷ್ಟಿರಲಿಲ್ಲ.

ನವನಗರದ ಮನೆಯ ಪೋರ್ಚ್‌ನಲ್ಲೇ ಇಳಿಸಿದೆ. ಎಂಜಿನ್ ನೇತುಹಾಕಲು ಎರಡಿಂಚಿನ ಜಿಐ ಪೈಪು, ಅದರ ಎರಡೂ ತುದಿಗೆ ಮರದ ತುಂಡು, ಒಂದು ಚೈನು. ಕೆಳಗೆ ಟ್ರಾಲಿ ಜಾಕ್. ಇದರಲ್ಲಿ ವಿಶೇಷ ಏನಿಲ್ಲ.

ಕೆಲಸ ಶುರುವಾಗೋದು ವಾಲ್ವ್ ಬಾಡಿ (ಕ್ಲಚ್‌ಗಳಿಗೆ ಆಯಿಲ್ ಹಂಚೋ ಭಾಗ) ತೆಗೆದ ಮೇಲೆ. ಕ್ಲಚ್‌ಗಳಿಗೆ ಆಯಿಲ್ ಹೋಗೋ ಕೇಸಿನ ತೂತುಗಳಿಗೆ ಒಂದೊಂದಾಗಿ ಗಾಳಿ ಬಿಟ್ಟೆ. ಪೇಂಟ್ ಹೊಡೆಯೋ ಸಣ್ಣ ಕಂಪ್ರೆಸರ್, 30-40 ಪಿಎಸ್‌ಐ ಸಾಕು. ನಳಿಕೆಯ ತುದಿಗೆ ಹನಿ ನೀರಾವರಿಯ ಮೆತ್ತನೆ ಪೈಪಿನ ತುಂಡು ಸಿಕ್ಕಿಸಿದರೆ ತೂತಿಗೆ ಸರಿಯಾಗಿ ಕೂರುತ್ತೆ. ಉಳಿದ ಕ್ಲಚ್‌ಗಳು 'ಧಪ್' ಅಂದವು. ಅಂಡರ್‌ಡ್ರೈವ್ ಮಾತ್ರ 'ಸ್‌ಸ್' ಅಂತ ಉಸಿರು ಬಿಟ್ಟಿತು. ಬಿಚ್ಚಿ ನೋಡಿದರೆ ಪಿಸ್ಟನ್ ಸೀಲ್ ಪ್ಲಾಸ್ಟಿಕ್ಕಿನಂತೆ ಗಟ್ಟಿಯಾಗಿ ಒಂದು ಕಡೆ ಸೀಳಿತ್ತು. ಪ್ಲೇಟುಗಳ ಲೈನಿಂಗ್ ಸುಟ್ಟು ಉಗುರಿಗೇ ಕಿತ್ತು ಬರುತ್ತಿತ್ತು. ಅಂದರೆ ಲಕ್ಷದ ಕಾಯಿಲೆಗೆ ಮೂಲ ನೂರಿನ್ನೂರು ರೂಪಾಯಿಯ ರಬ್ಬರ್.

ಪಿಸ್ಟನ್ ಕೂರೋ ಡ್ರಮ್ಮಿನ ಸ್ಪ್ರಿಂಗ್ ಒತ್ತಲು ಕಂಪನಿ ಟೂಲ್ ಎಲ್ಲಿಂದ ತರೋದು? 5 ಎಂಎಂ ಪಟ್ಟಿಯಲ್ಲಿ ಮಾಡಿದ್ದು ಮೊದಲ ಒತ್ತಿಗೇ ಬಾಗಿತು. ಆಮೇಲೆ ಗೋಕುಲ ರೋಡಿನ ಲೇಥ್‌ನಲ್ಲಿ 10 ಎಂಎಂ ಪಟ್ಟಿ ಎರಡು, 16 ಎಂಎಂ ತ್ರೆಡ್ ರಾಡು ಎರಡು ಹಾಕಿಸಿದೆ. ಒತ್ತೋ ಬಳೆಗೆ ಹಳೇ ಬೇರಿಂಗಿನ ಹೊರ ರೇಸ್. ಅದಕ್ಕೆ ಗ್ರೈಂಡರ್‌ನಿಂದ ಒಂದು ಕಿಟಕಿ ಕೊರೆದರೆ ಅದನ್ನ ಹಿಡಿದಿಡೋ ಸ್ನ್ಯಾಪ್ ರಿಂಗಿಗೆ ಸ್ಕ್ರೂಡ್ರೈವರ್ ತಾಗುತ್ತೆ. ಎರಡೂ ನಟ್ಟನ್ನು ಅರ್ಧರ್ಧ ಸುತ್ತು ತಿರುಗಿಸಬೇಕು, ಇಲ್ಲಾಂದ್ರೆ ಸ್ಪ್ರಿಂಗಿನ ಮೇಲಿನ ರಿಟೇನರ್ ತಟ್ಟೆ ಓರೆಯಾಗುತ್ತೆ. ಲೇಥಿನ ಕಾಕಾ ಮೊದಲು ನಕ್ಕಿದ್ದರು. ಈಗ ಅಂಥದ್ದೇ ಒಂದು ಮಾಡಿ ಅಂಗಡಿಯಲ್ಲಿ ಇಟ್ಟುಕೊಂಡಿದ್ದಾರೆ!

ಬೆಂಗಳೂರಿಂದ ತರಿಸಿದ ಮೊದಲ ಸೀಲ್ ಕಿಟ್ ಬೇರೆ ಬಾಕ್ಸಿನದು. ವಾಪಸ್ ತಗೊಳ್ಳಲಿಲ್ಲ, 6 ಸಾವಿರ ಹೋಯಿತು. ದೆಹಲಿಯಿಂದ ಎರಡನೆಯದು ಬರೋವರೆಗೆ ಕೈ ಸುಮ್ಮನಿರಲಿಲ್ಲ. ಲಾರಿ ಕ್ಲಚ್‌ಗೆ ಲೈನರ್ ಹಚ್ಚುವವರ ಹತ್ತಿರ ಒಂದು ಹಳೇ ಪ್ಲೇಟಿಗೆ ಲೈನರ್ ಅಂಟಿಸಿ, ಗೇರ್ ಆಯಿಲಲ್ಲಿ ಸಣ್ಣ ಉರಿಯಲ್ಲಿ ಬಿಸಿ ಮಾಡಿ ನೋಡಿದೆ. ಅಂಟು ನಿಂತಿತು, ಆದರೆ ಮೇಲ್ಮೈ ಗಾಜಿನಂತೆ ನುಣುಪಾಯಿತು. ಒಣ ಕ್ಲಚ್ಚಿನ ಲೈನರ್ ಆಯಿಲಲ್ಲಿ ನಡೆಯಲ್ಲ. ಆ ಬಾಣಲೆ ಮತ್ತೆ ಅಡುಗೆಮನೆಗೆ ಹೋಗಲಿಲ್ಲ, ಅದರ ಬೆಲೆಯನ್ನೂ ಖರ್ಚಿಗೆ ಸೇರಿಸಬೇಕು.

ಜೋಡಿಸುವಾಗ ಧಾರವಾಡ ಪೇಢಾದ ಖಾಲಿ ಡಬ್ಬಿಗಳು ಬಹಳ ಉಪಯೋಗಕ್ಕೆ ಬಂದವು. ಒಂದೊಂದು ಕ್ಲಚ್ ಪ್ಯಾಕಿಗೆ ಒಂದೊಂದು ಡಬ್ಬಿ, ವಾಲ್ವ್ ಬಾಡಿಯ ಗುಂಡುಗಳಿಗೆ ಚಿಕ್ಕದು. ವಾಲ್ವ್ ಬಾಡಿಯನ್ನು ಜಿಟಿಜಿಟಿ ಮಳೆ ಹಿಡಿದ ದಿನ ತೊಳೆದೆ. ಬೇಸಿಗೆಯ ಎರೆಮಣ್ಣಿನ ಧೂಳಲ್ಲಿ ಅದನ್ನ ಮುಟ್ಟಲೇಬಾರದು. ಬಟ್ಟೆಯಿಂದ ಒರೆಸಲಿಲ್ಲ, ಬರೀ ಗಾಳಿ. ವಾಷರ್ ಹಿಡಿಸಲು ವ್ಯಾಸಲೀನ್, ಗ್ರೀಸ್ ಬೇಡ. ಹೊಸ ಪ್ಲೇಟುಗಳನ್ನು ರಾತ್ರಿಯಿಡೀ ಆಯಿಲಲ್ಲಿ ನೆನೆಸಿದೆ. ಆದರೂ ಪ್ಯಾಕಿನ ಸಂದು ಮ್ಯಾನ್ಯುಯಲ್ ಹೇಳಿದ್ದಕ್ಕಿಂತ ಅರ್ಧ ಎಂಎಂ ಜಾಸ್ತಿ ಬಂತು. ದಪ್ಪ ಸ್ನ್ಯಾಪ್ ರಿಂಗ್ ಸಿಗೋವರೆಗೆ ಕಾದೆ. ಇಲ್ಲಿ ಅವಸರ ಮಾಡಿದವರೇ ಎರಡನೇ ಸಲ ಬಾಕ್ಸ್ ಇಳಿಸೋದು. ಪಿಸ್ಟನ್ನಿನ ಹೊಸ ಸೀಲ್ ತುಟಿ ಮಡಚದಂತೆ ಡ್ರಮ್ಮಿಗೆ ಇಳಿಸಲು ನಾನೊಂದು ಉಪಾಯ ಕಂಡುಕೊಂಡಿದ್ದೇನೆ. ಅದನ್ನ ಬರೆಯಲ್ಲ. ಮನೆಗೆ ಬಂದವರಿಗೆ ತೋರಿಸುತ್ತೇನೆ.

ಎಂಜಿನ್ನಿನ ಶಕ್ತಿಯನ್ನು ಆಯಿಲಿನ ಮೂಲಕ ಗೇರ್‌ಬಾಕ್ಸಿಗೆ ದಾಟಿಸೋ ಟಾರ್ಕ್ ಕನ್ವರ್ಟರನ್ನು ಅದೇ ಲೇಥ್‌ನಲ್ಲಿ ಸೀಳಿಸಿ, ತೊಳೆದು, ಓರೆಯಾಗದಂತೆ ಡಯಲ್ ಗೇಜ್ ಇಟ್ಟು ವೆಲ್ಡ್ ಮಾಡಿಸಿದೆ. ಕೂರಿಸುವಾಗ ತಿರುಗಿಸ್ತಾ ಒತ್ತಿದರೆ ಮೂರು ಸಲ 'ಟಕ್' ಅಂತ ಒಳಗೆ ಇಳಿಯಬೇಕು. ಎರಡಕ್ಕೇ ಬೋಲ್ಟ್ ಬಿಗಿದರೆ ಗೇರ್‌ಬಾಕ್ಸಿನ ಆಯಿಲ್ ಪಂಪ್ ಪುಡಿಪುಡಿ.

ಖರ್ಚು ನೆನಪಿದ್ದಷ್ಟು: ಹಾಳಾದ ಕಿಟ್ 6 ಸಾವಿರ, ಸರಿಯಾದ ಕಿಟ್ ಮತ್ತು ಪ್ಲೇಟು 13 ಸಾವಿರ, ಕೂಲರ್ ತೊಳೆಯೋದೂ ಸೇರಿ 12 ಲೀಟರ್ ಆಯಿಲ್ 7 ಸಾವಿರ, ಕನ್ವರ್ಟರ್ 4-5 ಸಾವಿರ. ಪಟ್ಟಿ, ರಾಡು, ಸ್ಕ್ಯಾನರ್, ಚಿಲ್ಲರೆ ಎಲ್ಲ ಸೇರಿ ಒಟ್ಟು 36-37 ಸಾವಿರ. ಸ್ಕ್ಯಾನರ್ ಸುಮ್ನೆ ತಗೊಂಡಿದ್ದಲ್ಲ. ಗೇರ್‌ಬಾಕ್ಸಿನ ಕಂಪ್ಯೂಟರ್ ಹಳೇ ಕ್ಲಚ್ಚಿಗೆ ಹೊಂದಿಕೊಂಡು ಕಲಿತಿದ್ದನ್ನ ಅದರಿಂದ ಅಳಿಸದೆ ಓಡಿಸಿದರೆ ಹೊಸ ಕ್ಲಚ್ಚೂ ಒದೆಯುತ್ತೆ.

ಪರೀಕ್ಷೆಗೆ ಅಂಕೋಲಾಕ್ಕೆ ಹೋಗಿ, ಬರುವಾಗ ನಾಲ್ಕು ಜನರನ್ನು ಕೂರಿಸಿಕೊಂಡು ಎಸಿ ಹಾಕಿ ಅರಬೈಲ್ ಘಟ್ಟ ಹತ್ತಿಸಿದೆ. ಲಾರಿಗಳ ಹಿಂದೆ ನಿಂತು ನಿಂತು ಹತ್ತಿದರೂ ಎಲ್ಲೂ ಜಾರಲಿಲ್ಲ. ಯಲ್ಲಾಪುರದಲ್ಲಿ ನಿಲ್ಲಿಸಿ ಡಿಪ್‌ಸ್ಟಿಕ್ ಮೂಸಿದರೆ ಸುಟ್ಟ ವಾಸನೆ ಇಲ್ಲ. ಸುಮಾರು 3 ಸಾವಿರ ಕಿಲೋಮೀಟರ್ ಆದ ಮೇಲೆ ಪ್ಯಾನ್ ಬಿಚ್ಚಿದೆ. ಮ್ಯಾಗ್ನೆಟ್ ಮೇಲೆ ತೆಳ್ಳಗೆ ಬೂದು ಪೇಸ್ಟ್ ಬಿಟ್ಟರೆ ಬೇರೇನಿರಲಿಲ್ಲ. ಸ್ಪ್ರಿಂಗ್ ಒತ್ತೋ ಟೂಲ್ ಬೇಕಾದವರು ಬಂದು ಒಯ್ಯಬಹುದು, ಸಂದು ಅಳೆಯೋ ಫೀಲರ್ ಗೇಜ್ ಮಾತ್ರ ಕೇಳಬೇಡಿ.